ಮಲಗಿರುವ ಗೌರಿ

ಬಲಗಣ್ಣಿನ ಪರದೆಯ ಕೆಳಗೆ ನೀರು ಸೇರಿಕೊಂಡಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಭಯವಲ್ಲ. ಅಬ್ಬ, ಇನ್ನು ಸ್ವಲ್ಪ ದಿನ ಮಲಗಬಹುದು ಅನ್ನಿಸಿತು. ಭಯ ಬಂದದ್ದು ಆಮೇಲೆ, ಲಿಫ್ಟಿನಲ್ಲಿ ಕೆಳಗಿಳಿಯುವಾಗ. ಹೀಗೆ ಹಿಂದುಮುಂದಾದದ್ದನ್ನು ನಾನು ಬಹಳ ದಿನ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಯಾವುದೋ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು, ಕಾಯಿಲೆಯ ಸುದ್ದಿ ಕೇಳಿ ಒಳಗೊಳಗೇ ಸಮಾಧಾನಪಟ್ಟು, ಮರುಕ್ಷಣ ತಮ್ಮ ಬಗ್ಗೆ ತಾವೇ ಹೇಸಿಕೊಂಡವರು ಇನ್ನೂ ಯಾರಾದರೂ ಇದ್ದಾರು. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಆಫೀಸಿನಲ್ಲಿ. ಮೆನ್ಲೋ ಪಾರ್ಕಿನ ನನ್ನ ಕಂಪನಿಯಲ್ಲಿ ಆ ವರ್ಷ ನಮ್ಮ ತಂಡದ ಅರ್ಧ ಜನರನ್ನು ಮನೆಗೆ ಕಳಿಸಿದ್ದರು. ಉಳಿದುಕೊಂಡವರು ಅದೃಷ್ಟವಂತರು ಅಂತ ಲೆಕ್ಕ. ಹೋದವರ ಕೆಲಸವೆಲ್ಲ ಅದೃಷ್ಟವಂತರ ತಲೆಯ ಮೇಲೆ ಬಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರಿನ ಪರದೆಯ ಮೇಲಿದ್ದ ಪಟ್ಟಿಯ ಗೆರೆಗಳು ನಡುವೆ ಸೊಟ್ಟಗಾಗಿ ಕಂಡವು. ಕನ್ನಡಕ ಒರೆಸಿಕೊಂಡೆ. ಸಂಜೆ ಫ್ರೀವೇಯ ಬಿಳಿ ಗೆರೆಯೂ ಬಾಗಿತು. ಆಮೇಲೆ ಎದುರಿಗೆ ಯಾರು ನಿಂತರೂ ಬಲಗಣ್ಣಿಗೆ ಅವರ ಮೂಗಿನ ಜಾಗದಲ್ಲಿ ಬೂದು ಬಣ್ಣದ ಒಂದು ಕಲೆ ಕಾಣತೊಡಗಿತು. ಎರಡು ವಾರ ಅದನ್ನೂ ಇಟ್ಟುಕೊಂಡೇ ಮೀಟಿಂಗು ಮಾಡಿದೆ.

ಇದಕ್ಕೂ ಹಿಂದಿನ ಸಂಗತಿಯೊಂದಿದೆ. ಅದನ್ನು ಬಿಟ್ಟರೆ ಈ ಕಥೆ ಸುಳ್ಳಾಗುತ್ತದೆ. ದಿನವೂ ಮಿಲ್ಪಿಟಾಸಿನ ಮನೆಗೆ ವಾಪಸು ಬರುವಾಗ, ಸೇತುವೆಯ ಮೇಲೆ ಕಾರುಗಳು ಇರುವೆಸಾಲಿನ ಹಾಗೆ ನಿಂತಿರುವಾಗ, ನಾನು ಒಂದು ವರ ಬೇಡಿಕೊಳ್ಳುತ್ತಿದ್ದೆ. ಯಾರಿಗೂ ಏಟಾಗಬಾರದು, ಜೀವಕ್ಕೇನೂ ಆಗಬಾರದು, ನನ್ನ ಕಾಲು ಮಾತ್ರ ಮುರಿಯಲಿ. ಆಸ್ಪತ್ರೆಯ ಮಂಚದ ಮೇಲೆ ಹತ್ತು ದಿನ ಮಲಗಿದರೆ ಯಾರೂ ಏನೂ ಕೇಳುವ ಹಾಗಿಲ್ಲವಲ್ಲ. ಗಂಡ, ಮಗಳು, ಮನೆ, ಕೆಲಸ ಎಲ್ಲ ಇರುವ ಹೆಂಗಸು ದೇವರ ಹತ್ತಿರ ಕೇಳುವ ವರವೇ ಇದು? ಆದರೂ ಕೇಳಿದೆ. ಕಾಲಿನ ಬದಲು ಕಣ್ಣಿಗೆ ಬಂತು.

ಸ್ಯಾನ್ ಮಟಿಯೋದ ಆ ಕಣ್ಣಿನ ಕ್ಲಿನಿಕ್ಕಿನಲ್ಲಿ ಕಾಯುವ ಕೋಣೆಯೇ ದೊಡ್ಡ ಪರೀಕ್ಷೆ. ಕಣ್ಣಿಗೆ ಹನಿ ಹಾಕಿ ಕೂರಿಸುತ್ತಾರೆ, ಪಾಪೆ ಅರಳುವವರೆಗೆ ಫೋನು ನೋಡುವ ಹಾಗಿಲ್ಲ, ಪುಸ್ತಕ ಓದುವ ಹಾಗಿಲ್ಲ. ಕಪ್ಪು ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಹತ್ತಾರು ಜನ ಸುಮ್ಮನೆ ಗೋಡೆ ನೋಡುತ್ತಿದ್ದರು. ಕಿಟಕಿಯ ಬಿಸಿಲಿಗೆ ನಾನು ಮುಖ ಹಿಂಡುವುದನ್ನು ಕಂಡ ಮುದುಕರೊಬ್ಬರು ಮಾತಿಲ್ಲದೆ ಎದ್ದು ನನಗೆ ತಮ್ಮ ಕುರ್ಚಿ ಕೊಟ್ಟು, ಬಿಸಿಲಿನ ಕಡೆ ತಾವು ಕೂತರು.

ಡಾಕ್ಟರು ನನಗಿಂತ ಚಿಕ್ಕವಳು. ಸ್ಕ್ಯಾನಿನಲ್ಲಿ ಗುಳ್ಳೆಯಂತೆ ಉಬ್ಬಿದ ಜಾಗ ತೋರಿಸಿ, ಇತ್ತೀಚೆಗೆ ತುಂಬಾ ಒತ್ತಡವಿತ್ತೇ ಎಂದು ಕೇಳಿದಳು. ಪಕ್ಕದಲ್ಲಿದ್ದ ನನ್ನ ಗಂಡ ಮಧು ನಕ್ಕುಬಿಟ್ಟ. ಬೇಕೆಂದು ನಕ್ಕದ್ದಲ್ಲ, ನಮ್ಮ ಬದುಕಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವೇ ಇರಲಿಲ್ಲ. ಸದ್ಯಕ್ಕೆ ಔಷಧಿ ಇಲ್ಲ, ಮೂರು ತಿಂಗಳು ಕಾಯೋಣ, ಹೆಚ್ಚಿನವರಿಗೆ ತಾನಾಗಿಯೇ ಇಂಗುತ್ತದೆ ಎಂದಳು. ಇಂಗದಿದ್ದರೆ ಲೇಸರ್. ಬಹಳ ದಿನ ಹಾಗೇ ನಿಂತರೆ ಆ ಕಲೆ ಶಾಶ್ವತವಾಗಿ ಉಳಿಯಬಹುದು. ಅಲ್ಲಿಯವರೆಗೆ ನಾನು ಮಾಡಬೇಕಾದದ್ದು ನಿದ್ದೆ ಮತ್ತು ವಿಶ್ರಾಂತಿ. ಇವೆರಡನ್ನು ಇಷ್ಟು ಸುಲಭವಾಗಿ ಯಾರಾದರೂ ಬರೆದುಕೊಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಫೀಸಿಗೆ ರಜೆ ಹಾಕಿದೆ. ಮಧು ಹಾಸನದಲ್ಲಿದ್ದ ತನ್ನ ತಾಯಿಯನ್ನು ಕರೆಸಿಕೊಂಡ. ನನ್ನ ಅತ್ತೆ ಜಯಮ್ಮ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರಿನ ಮೇಲೆ ಕೂತು ಹೊರಗೆ ಬಂದವರು, ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ ತಕ್ಷಣ ನೇರ ಅಡುಗೆಮನೆ ಹೊಕ್ಕರು. ಮತ್ತೆ ಅಲ್ಲಿಂದ ಹೊರಗೆ ಬಂದದ್ದನ್ನು ನಾನು ಹೆಚ್ಚು ನೋಡಲಿಲ್ಲ. ಪಾತ್ರೆ ತೊಳೆಯುವ ಯಂತ್ರದ ಮೇಲೆ ಅವರಿಗೆ ನಂಬಿಕೆಯಿಲ್ಲ. ನಾನು ಮೇಲಿನ ಕೋಣೆಯಲ್ಲಿ ಪರದೆ ಎಳೆದು ಮಲಗಿದರೆ ಕೆಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು ಕುಕ್ಕರು ಉಜ್ಜುತ್ತಿದ್ದಾರೆ, ನಲವತ್ತೆರಡರ ನಾನು ಮಲಗಿದ್ದೇನೆ. ಯಾವ ನಿದ್ದೆ ಬರಬೇಕು?

ಬರಲಿಲ್ಲ. ಗ್ಯಾರೇಜಿನ ಬಾಗಿಲು ಗುಡುಗುಡು ಎಂದರೆ ಸಾಕು, ಮಧು ಬಂದ ಎಂದು ದಡಬಡ ಎದ್ದು, ಹಾಸಿಗೆ ಸರಿಮಾಡಿ, ಒಗೆದ ಬಟ್ಟೆ ಮಡಿಸುವವಳ ಹಾಗೆ ಒಂದು ಟವೆಲ್ಲು ಹಿಡಿದು ಕೂರುತ್ತಿದ್ದೆ. ಅವನು ಒಂದು ದಿನವೂ ಏನೂ ಅಂದವನಲ್ಲ. ಬಂದವನು ಮಗಳು ಇಂಚರಳನ್ನು ಈಜಿನ ಕ್ಲಾಸಿಗೆ ಕರೆದೊಯ್ದು, ಗ್ರೋಸರಿ ತಂದು, ಮತ್ತೆ ಲ್ಯಾಪ್‌ಟಾಪು ಬಿಚ್ಚುತ್ತಿದ್ದ. ಅವನು ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸಂಜೆಯಾದರೆ ಅತ್ತೆ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು.

"ವೀಣಾ, ದೀಪ ಹಚ್ಚೋ ಹೊತ್ತಾಯ್ತು ಕಣವ್ವ. ಎದ್ದು ಕೂತ್ಕೊ. ಈ ಹೊತ್ನಲ್ಲಿ ಮನಿಕ್ಕೊಂಡಿರಬಾರ್ದು."

ಅದರಲ್ಲಿ ಆಕ್ಷೇಪಣೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ನನಗಂತೂ ದಿನವೂ ಕೇಳಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ರೂಪಾ ಫೋನು ಮಾಡಿದಳು. ರೂಪಾ ನನ್ನ ಗೆಳತಿ, ಮಿಲ್ಪಿಟಾಸಿನ ನಮ್ಮ ಕನ್ನಡದ ಗುಂಪಿನಲ್ಲಿ ಪ್ರತಿ ವರ್ಷ ಗೌರಿ ಹಬ್ಬದ ಉಸ್ತುವಾರಿ ಅವಳದ್ದು. ನಮ್ಮವರಲ್ಲಿ ಯಾರಾದರೂ ಮನೆಯಲ್ಲಿ ಕೂತಿದ್ದಾರೆಂದು ಗೊತ್ತಾದರೆ ಮುಗಿಯಿತು. ಬಾಣಂತಿಯಾದರೂ ಸರಿ, ಕೆಲಸ ಕಳೆದುಕೊಂಡವರಾದರೂ ಸರಿ, ಅವರ ಕೈಗೊಂದು ಜವಾಬ್ದಾರಿ ಬಂದು ಬೀಳುತ್ತದೆ.

"ಹೇಗಿದ್ರೂ ಮನೇಲೇ ಇದ್ದೀಯಲ್ಲ, ಸ್ಟೇಜಿಗೆ ಒಂದು ಬ್ಯಾಕ್‌ಡ್ರಾಪು ಬರೆದುಕೊಡ್ತೀಯಾ? ಒಂದು ದೊಡ್ಡ ಗೌರಿ. ಕಣ್ಣಿಗೆ ಸ್ಟ್ರೇನ್ ಮಾಡ್ಕೋಬೇಡ, ನಿಧಾನಕ್ಕೆ ಮಾಡು" ಎಂದಳು.

ಕಣ್ಣು ಕೆಟ್ಟವಳ ಕೈಯಲ್ಲಿ ಚಿತ್ರ ಬರೆಸುವುದು ನಮ್ಮವರಿಗೆ ಮಾತ್ರ ಹೊಳೆಯುವ ಯೋಚನೆ. ಅದಕ್ಕೆ ಆಗಲಿ ಅನ್ನುವುದೂ ನಮ್ಮವರಿಂದ ಮಾತ್ರ ಸಾಧ್ಯ. ನಾನು ಒಪ್ಪಿದೆ. ಮದುವೆಗೆ ಮುಂಚೆ ಮಂಡ್ಯದಲ್ಲಿ ಚಿತ್ರಕಲೆಯ ಪರೀಕ್ಷೆ ಕಟ್ಟಿದವಳು ನಾನು, ಈ ದೇಶಕ್ಕೆ ಬಂದ ಮೇಲೆ ಮಗಳ ಹುಟ್ಟುಹಬ್ಬದ ಬೋರ್ಡು ಬಿಟ್ಟು ಬೇರೇನೂ ಬರೆದಿರಲಿಲ್ಲ. ಒಪ್ಪಿದ್ದಕ್ಕೆ ಕಾರಣ ಕಲೆಯ ಮೇಲಿನ ಪ್ರೀತಿಯಲ್ಲ. ಕೈಯಲ್ಲಿ ಕುಂಚ ಹಿಡಿದಿದ್ದರೆ ಮಲಗಿದ್ದಾಳೆ ಎಂದು ಯಾರೂ ಅನ್ನುವುದಿಲ್ಲವಲ್ಲ, ಅಷ್ಟೇ.

ಗ್ಯಾರೇಜಿನಿಂದ ಕಾರು ಹೊರಗೆ ಹಾಕಿಸಿ, ಗೋಡೆಗೆ ದೊಡ್ಡ ಬಟ್ಟೆ ಹೊಡೆದು, ಬಲಗಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಕೊಂಡು ಶುರುಮಾಡಿದೆ. ಕ್ಯಾಲೆಂಡರಿನಲ್ಲಿ ಕೂರುವ ಹಾಗೆ ಗೌರಿ ಪದ್ಮಾಸನದಲ್ಲಿ ಕೂತಿದ್ದಳು. ಸೀರೆ ಬಂತು, ಒಡವೆ ಬಂತು, ಮುಖ ಬರಲಿಲ್ಲ. ಒಂದೇ ಕಣ್ಣಿನಲ್ಲಿ ನೋಡಿ ಬರೆದರೆ ಕುಂಚ ಎಲ್ಲೋ ಇಡಲು ಹೋಗಿ ಎಲ್ಲೋ ತಾಕುತ್ತಿತ್ತು. ಹೇಗೆ ತಿದ್ದಿದರೂ ಕಣ್ಣಿನ ಕೆಳಗೆ ಕಪ್ಪು ಇಳಿಯುತ್ತಿತ್ತು, ತುಟಿಯ ತುದಿ ಜೋಲುತ್ತಿತ್ತು. ಸ್ಕೂಲಿನಿಂದ ಬಂದ ಇಂಚರ ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತು ನೋಡಿದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಹೇಗಿದಾಳೆ ಗೌರಿ?"

"ಶೀ ಲುಕ್ಸ್ ಸೋ ಟೈರ್ಡ್, ಅಮ್ಮ. ಶೀ ನೀಡ್ಸ್ ಎ ನ್ಯಾಪ್."

ಗೌರಿಗೆ ಒಂದು ನಿದ್ದೆ ಬೇಕು ಎಂದಷ್ಟೇ ಹೇಳಿ ಹನ್ನೊಂದು ವರ್ಷದ ಹುಡುಗಿ ಒಳಗೆ ಹೋದಳು. ನಾನು ಬಣ್ಣದ ಡಬ್ಬಿಯ ಪಕ್ಕ ಕೂತುಬಿಟ್ಟೆ. ಗೌರಿ ಹಬ್ಬವೆಂದರೇನು? ಅವಳು ಕೈಲಾಸ ಬಿಟ್ಟು ತವರಿಗೆ ಬರುವ ದಿನ. ಒಂದೇ ದಿನ. ಮಾರನೆಯ ದಿನ ಮಗ ಗಣಪ ಬಂದು ಕರೆದುಕೊಂಡು ಹೋಗುತ್ತಾನೆ. ವರ್ಷಕ್ಕೊಂದು ದಿನ ತಾಯಿಯ ಮನೆಗೆ ಬಂದ ಮಗಳನ್ನು ನಾವು ಒಡವೆ ಹೇರಿ, ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಕೈಯೆತ್ತಿ ವರ ಕೊಡು ಅನ್ನುತ್ತೇವೆ. ತವರಿಗೆ ಬಂದ ಹೆಣ್ಣು ಮೊದಲು ಏನು ಮಾಡುತ್ತಾಳೆಂದು ನನಗೆ ಗೊತ್ತಿಲ್ಲವೇ? ಊಟ ಮಾಡಿ ಮಲಗುತ್ತಾಳೆ.

ಬಿಳಿ ಬಣ್ಣ ಬಳಿದು ಕೂತ ಗೌರಿಯನ್ನು ಅಳಿಸಿದೆ. ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದೆ. ಕೆನ್ನೆಯ ಕೆಳಗೆ ಒಂದು ಕೈ, ಬಳೆ ಮೊಣಕೈಯವರೆಗೆ ಸರಿದಿದೆ. ಉಳಿದ ಒಡವೆಯೆಲ್ಲ ಬಿಚ್ಚಿ ತಲೆಯ ಪಕ್ಕ ಗುಡ್ಡೆ ಹಾಕಿದೆ. ಮೈಮೇಲೆ ಅವಳ ತಾಯಿಯ ಹಳೆಯ ಸೀರೆ. ಹಿಂದೆ ಮಧ್ಯಾಹ್ನದ ಬಿಸಿಲು, ಬೇಸಿಗೆಯಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡಗಳ ಒಣಹುಲ್ಲಿಗೆ ಬರುವ ಹಳದಿ. ಮುಖ ಅರ್ಧ ತೋಳಿನೊಳಗೆ ಹೋಗಿತ್ತು, ಹಾಗಾಗಿ ಕಣ್ಣು ಬರೆಯುವ ಕಷ್ಟ ತಪ್ಪಿತು. ನನಗೆ ಸಿಗದ ನಿದ್ದೆಯನ್ನೆಲ್ಲ ಅವಳಿಗೆ ಮಾಡಿಸಿದೆ. ಆ ದಿನಗಳಲ್ಲಿ ಬರೆದು ಬರೆದು ದಣಿದಾಗ ನನಗೂ ಒಂದಿಷ್ಟು ನಿದ್ದೆ ಬಂತು.

ಪಾದ ಮಾತ್ರ ಸರಿಯಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದರೆ, ಅತ್ತೆ ಸೋಫಾದ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಬಿಡಿಸುತ್ತಾ ನಿದ್ದೆ ಹೋಗಿದ್ದರು. ತೊಡೆಯ ಮೇಲೆ ಮೊರದ ಬದಲು ಸ್ಟೀಲಿನ ತಟ್ಟೆ, ಕೈಯಲ್ಲಿ ಇನ್ನೂ ಒಂದು ಕಡ್ಡಿ. ಕುತ್ತಿಗೆ ಒಂದು ಕಡೆ ವಾಲಿತ್ತು. ಒಂದರ ಮೇಲೊಂದು ಇಟ್ಟ ಪಾದಗಳು, ಒಡೆದ ಹಿಮ್ಮಡಿ. ತಟ್ಟೆ ತೆಗೆದು, ತಲೆಗೊಂದು ದಿಂಬು ಕೊಟ್ಟು, ಹೊದಿಸಬೇಕಾಗಿತ್ತು. ನಾನು ಓಡಿಹೋಗಿ ಪೆನ್ಸಿಲ್ಲು ತಂದೆ. ಎದುರಿಗೆ ನೆಲದ ಮೇಲೆ ಕೂತು ಪಾದ ಬರೆದುಕೊಂಡೆ. ಎಲ್ಲಿ ಎಚ್ಚರವಾಗಿಬಿಡುತ್ತಾರೋ ಎಂದು ಉಸಿರು ಬಿಗಿಹಿಡಿದು ಬರೆದೆ. ಬರೆದು ಮುಗಿಯುವಷ್ಟರಲ್ಲಿ ಅವರಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ಎರಡು ದಿನ ಅದನ್ನು ಉಜ್ಜಿಕೊಂಡು ಓಡಾಡಿದರು, ನಾನು ಕಣ್ಣು ತಪ್ಪಿಸಿಕೊಂಡು ಓಡಾಡಿದೆ.

ಹಬ್ಬಕ್ಕೆ ವಾರವಿರುವಾಗ ರೂಪಾ ನೋಡಲು ಬಂದಳು. ಗ್ಯಾರೇಜಿನಲ್ಲಿ ಬಹಳ ಹೊತ್ತು ನಿಂತಳು.

"ತುಂಬಾ ಚೆನ್ನಾಗಿದೆ ಕಣೆ. ಆದ್ರೆ ಪೂಜೆ ಇರೋದು ಸಂಜೆ ಆರಕ್ಕೆ. ಮುಂದೆ ದೀಪ ಹಚ್ಚಿರ್ತೀವಿ, ಹಿಂದೆ ದೇವರು ಮಲಗಿದ್ರೆ ಹೇಗೆ? ಹಿರಿಯರೆಲ್ಲ ಬರ್ತಾರೆ, ಅಪಶಕುನ ಅಂತಾರೆ. ಸ್ವಲ್ಪ ಎಬ್ಬಿಸಿ ಕೂರಿಸೋಕಾಗುತ್ತಾ?"

ನಾನು ಕೂಡಲೇ ಆಯಿತು ಎಂದೆ. ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿಯಲ್ಲೇ ಅಂದೆ. ಆಗ ಅತ್ತೆ ಕಾಫಿ ಹಿಡಿದುಕೊಂಡು ಬಂದರು. ಚಿತ್ರವನ್ನು ಅವರು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಲೋಟ ರೂಪಾಳ ಕೈಗೆ ಕೊಟ್ಟು, ಚಿತ್ರದ ಹತ್ತಿರ ಹೋಗಿ, ಪಾದದ ಮೇಲೆ ಕಣ್ಣಿಟ್ಟು ನಿಂತರು. ಗುರುತು ಹಿಡಿದರು ಎಂದು ನನಗೆ ಗೊತ್ತಾಯಿತು.

"ಯಾಕವ್ವ ಎಬ್ಬಿಸ್ಬೇಕು?" ಎಂದು ರೂಪಾಳನ್ನು ಕೇಳಿದರು.

"ದೀಪ ಹಚ್ಚೋ ಹೊತ್ತಲ್ವಾ, ಆಂಟಿ?"

"ಅದು ಅತ್ತೆ ಮನೇಲಿ. ಇವಳು ಬಂದಿರೋದು ಅವ್ವನ ಮನೆಗೆ. ನಾಳೆ ಹೋಯ್ತಾಳೆ. ಮನಿಕ್ಕೊಳ್ಲಿ, ಬಿಡವ್ವ."

ರೂಪಾ ಕಾಫಿ ಕುಡಿದು, ಹಾಗೇ ಇರಲಿ ಎಂದು ಹೊರಟಳು. ದಿನವೂ ನನ್ನನ್ನು ಎಬ್ಬಿಸುತ್ತಿದ್ದ ಅತ್ತೆಯೇ ಇವರು? ಕೇಳುವ ಧೈರ್ಯ ನನಗಾಗಲಿಲ್ಲ.

ಹಬ್ಬದ ದಿನ ಸ್ಕೂಲಿನ ಸಭಾಂಗಣದಲ್ಲಿ ಮಲಗಿದ ಗೌರಿಯ ಮುಂದೆಯೇ ಪೂಜೆ ನಡೆಯಿತು. ಇದೆಂಥ ಗೌರಿ ಎಂದು ಗೊಣಗಿದವರಿದ್ದರು. ಮಗುವನ್ನು ಎತ್ತಿಕೊಂಡಿದ್ದ ಚಿಕ್ಕ ಪ್ರಾಯದ ಹೆಂಗಸೊಬ್ಬಳು ಚಿತ್ರದ ಮುಂದೆ ನಿಂತವಳು, ಬಾಗಿನದ ಸಾಲು ಮುಂದೆ ಹೋದರೂ ಕದಲಲಿಲ್ಲ. ನನ್ನನ್ನು ವೇದಿಕೆಗೆ ಕರೆದು, ಕಾಯಿಲೆಯಲ್ಲೂ ಬಿಡದೆ ಬರೆದಳೆಂದು ಮೈಕಿನಲ್ಲಿ ಹೊಗಳಿ ಚಪ್ಪಾಳೆ ತಟ್ಟಿಸಿದರು. ಆ ಪಾದಗಳ ಯಜಮಾನಿ ಅದೇ ಹೊತ್ತಿನಲ್ಲಿ ಸಭಾಂಗಣದ ಹಿಂಭಾಗದಲ್ಲಿ ನಿಂತು ಎಲ್ಲರಿಗೂ ಚಿತ್ರಾನ್ನ ಬಡಿಸುತ್ತಿದ್ದರು. ನಾನು ಚಪ್ಪಾಳೆಗೆ ನಕ್ಕು ಕೈಮುಗಿದೆ. ಒಳಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಮುಂದಿನ ವಾರ ಮತ್ತೆ ಸ್ಯಾನ್ ಮಟಿಯೋ. ಮಧುವಿಗೆ ಬಿಡಲಾಗದ ಮೀಟಿಂಗು ಇದ್ದುದರಿಂದ ಕ್ಯಾಬಿನಲ್ಲಿ ಹೊರಟೆ, ಅತ್ತೆ ಜೊತೆಗೆ ಬಂದರು. ಹನಿ, ಕಪ್ಪು ಕನ್ನಡಕ, ಗೋಡೆ. ಸ್ಕ್ಯಾನು ನೋಡಿದ ಡಾಕ್ಟರ ಮುಖ ಅರಳಿತು. ನೀರು ಪೂರ್ತಿ ಇಂಗಿದೆ, ಸೋಮವಾರದಿಂದ ಕೆಲಸಕ್ಕೆ ಹೋಗಬಹುದು ಎಂದಳು. ನನಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದೇನೆಂದುಕೊಂಡು ಅವಳು ನನ್ನ ಕೈ ಅದುಮಿದಳು. ಸೋಮವಾರ ಎಂಬ ಮಾತಿಗೆ ಅಳುತ್ತಿದ್ದೆ ಎಂದು ಹೇಗೆ ಹೇಳಲಿ? ಕಣ್ಣು ಉಳಿಯಿತು ಎಂದು ಹಿಗ್ಗುವ ಬದಲು, ಆ ನೀರು ಇನ್ನೊಂದು ತಿಂಗಳು ನಿಲ್ಲಬಾರದಿತ್ತೇ ಅಂದುಕೊಂಡವಳು ನಾನು.

ಹೊರಗೆ ಬಂದು ಅತ್ತೆಯ ಪಕ್ಕ ಕೂತೆ.

"ಏನಂದ್ರವ್ವ?"

"ವಾಸಿ ಆಗಿದೆಯಂತೆ."

"ಮತ್ಯಾಕೆ ಅಳ್ತಿದೀಯ?"

ಸುಳ್ಳು ಹೇಳುವಷ್ಟು ಶಕ್ತಿ ಇರಲಿಲ್ಲ. ಸೇತುವೆಯ ಮೇಲೆ ಬೇಡಿಕೊಂಡದ್ದು, ಡಾಕ್ಟರು ಹೇಳಿದಾಗ ನೆಮ್ಮದಿಯಾದದ್ದು, ಈಗ ವಾಸಿಯಾದದ್ದಕ್ಕೆ ಅಳು ಬಂದದ್ದು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿಬಿಟ್ಟೆ. ಅವರು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಾ ಕೇಳಿಸಿಕೊಂಡರು, ಆಮೇಲೆ ಹೇಳಿದರು.

"ಆ ಗೌರೀನ ನೋಡ್ದಾಗ್ಲೇ ನಂಗೆ ಗೊತ್ತಾಯ್ತು ಕಣವ್ವ. ಅದು ಕಾಯಿಲೆಯೋಳು ಬರ್ದಿದ್ದಲ್ಲ, ದಣಿದೋಳು ಬರ್ದಿದ್ದು. ಮಧು ಮೂರು ವರ್ಷದೋನಿದ್ದಾಗ ನಂಗೆ ಟೈಫಾಯ್ಡ್ ಬಂದಿತ್ತು. ಹಾಸನದ ಆಸ್ಪತ್ರೇಲಿ ಮಲಗಿಸಿದ್ರು. ಮನೇಲಿ ಹನ್ನೆರಡು ಜನಕ್ಕೆ ರೊಟ್ಟಿ ತಟ್ಟೋ ಕೈ ಸುಮ್ನೆ ಬಿದ್ದಿತ್ತು. ಇವನು ಬಾಗಿಲಲ್ಲಿ ನಿಂತ್ಕೊಂಡು ಅವ್ವಾ ಅಂತ ಅಳೋನು. ನಾನು ಕಣ್ಣು ಮುಚ್ಕೊಂಡು ನಿದ್ದೆ ಮಾಡೋಳ ಥರ ಬಿದ್ದಿರ್ತಿದ್ದೆ. ಎಚ್ಚರ ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಾರಲ್ಲ ಅಂತ. ಇವತ್ತಿಗೂ ಅವನ ಮುಖ ನೋಡ್ದಾಗ ಅದು ನೆನಪಾಯ್ತದೆ. ಯಾರಿಗೂ ಹೇಳಿಲ್ಲ."

ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಆಮೇಲೆ ಅತ್ತೆ ನನ್ನ ಕಡೆ ಬಾಗಿ, "ಇನ್ನೊಂದು ತಿಂಗ್ಳು ಬೇಕಂತೆ ಅಂತ ಹೇಳ್ಬಿಡು. ಇಂಗ್ಲಿಷಲ್ಲಿ ಅಂದಿದ್ದು ನಂಗೇನು ಗೊತ್ತಾಯ್ತದೆ? ನಾನೂ ಹೂಂ ಅಂತೀನಿ" ಎಂದರು.

ಅದೇ ಹೊತ್ತಿಗೆ ಮಧುವಿನ ಫೋನು ಬಂತು. ಆ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ನಡೆಯುತ್ತಿತ್ತು, ಅವನು ಒಂದೂ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಆ ತಿಂಗಳೂ ನಾನು ಟವೆಲ್ಲು ಹಿಡಿದು ಕೂರಬೇಕಾಗುತ್ತಿತ್ತು, ಅದು ಮುಗಿದ ಮೇಲೆ ಇನ್ನೊಂದು ಕಾಯಿಲೆಗಾಗಿ ಬೇಡಿಕೊಳ್ಳಬೇಕಾಗುತ್ತಿತ್ತು.

"ಏನಂದ್ರು ಡಾಕ್ಟ್ರು?"

"ಕಣ್ಣು ವಾಸಿಯಾಗಿದೆ. ಪೂರ್ತಿ."

"ಅಬ್ಬಾ, ಸದ್ಯ."

"ಮಧು, ಆದ್ರೂ ನಾನು ಇನ್ನೊಂದು ತಿಂಗಳು ರಜ ಕೇಳ್ತೀನಿ. ಸಂಬಳ ಕೊಡದೆ ಇದ್ರೂ ಪರವಾಗಿಲ್ಲ. ಅಡುಗೆಮನೆ ನಾವಿಬ್ರೂ ನೋಡ್ಕೊಳೋಣ. ಅತ್ತೆ ಸುಮ್ನೆ ಇರ್ಲಿ."

"ಯಾಕೆ? ಇನ್ನೇನು ಪ್ರಾಬ್ಲಮ್ಮು?"

"ಪ್ರಾಬ್ಲಮ್ಮು ಏನಿಲ್ಲ. ಸುಸ್ತಾಗಿದೆ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಕಾಯಿಲೆಯ ಹೆಸರು ಮುಂದಿಡದೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಅವನು ಬೇಸರಪಟ್ಟಾನು, ಲೆಕ್ಕ ಹಾಕಿಯಾನು ಎಂದು ಕಾದೆ.

"ನನಗೂ ಕಣೆ" ಎಂದ.

ದನಿ ಗುರುತು ಸಿಗದಷ್ಟು ಸಣ್ಣಗಾಗಿತ್ತು. ಈ ಮೂರು ತಿಂಗಳಲ್ಲಿ ಎರಡು ಪಾಲು ಕೆಲಸ ಹೊತ್ತವನನ್ನು, ಹೇಗಿದ್ದೀಯ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ನನ್ನ ತಪ್ಪಿತಸ್ಥ ಭಾವನೆಯಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ ಅವನು ಕಂಡಿರಲೇ ಇಲ್ಲ. ಪಕ್ಕದಲ್ಲಿ ಅತ್ತೆ, "ಏನಂತಾನೆ?" ಎಂದು ಕೇಳುತ್ತಿದ್ದರು. ಫೋನನ್ನು ಅವರ ಕಿವಿಗೂ ಕೇಳುವ ಹಾಗೆ ನಡುವೆ ಹಿಡಿದೆ.

"ಮನೆಗೆ ಬಾ" ಎಂದೆ.

"ಈಗ್ಲೇನಾ? ಮೂರು ಗಂಟೆಗೆ ಮೀಟಿಂಗಿದೆ" ಎಂದ. ಆದರೆ ಫೋನು ಇಡಲಿಲ್ಲ. ನಾವೂ ಇಡಲಿಲ್ಲ.